ಮೂಗಿನ ಮೇಲಿನ ಕೆಂಪು ಗೆರೆಗಳು

ಕುಡಿಯದವನು ತಾನು ಕುಡಿಯುವುದಿಲ್ಲ ಎಂದು ಹೇಳಿ ನಂಬಿಸುವುದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ಕುಡಿಯುವವನು ಒಪ್ಪಿಕೊಂಡರೆ ಊರು ತಕ್ಷಣ ನಂಬುತ್ತದೆ. ಕುಡಿಯದವನು ಆಣೆ ಇಟ್ಟರೆ ನಗುತ್ತದೆ. ಮೂಡಿಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿರುವ ನಾನು ಹಬ್ಬದ ದಿನವೂ ಪಾನಕದಾಚೆ ಹೋದವನಲ್ಲ. ಆದರೆ ನನ್ನ ಮೂಗು ಬೇರೆಯೇ ಕಥೆ ಹೇಳುತ್ತಿತ್ತು. ಅದರ ಎರಡೂ ಬದಿಯಿಂದ ಕೆನ್ನೆಯವರೆಗೆ ಕೆಂಪು ನೂಲೆಳೆಗಳಂಥ ಸಣ್ಣ ರಕ್ತನಾಳಗಳು ಹಬ್ಬಿಕೊಂಡಿದ್ದವು. ಚಳಿಗಾಲದ ಬೆಳಿಗ್ಗೆಯಂತೂ ಇಡೀ ಮೂಗು ಗಿಡದಲ್ಲಿ ಕೆಂಪಗೆ ಹಣ್ಣಾದ ಕಾಫಿ.

ಅಂಗಡಿಯ ಹಾಗೆ ಈ ಮೂಗೂ ಅಪ್ಪನಿಂದ ಬಂದದ್ದು. ಅವರು ಗಲ್ಲಾಪೆಟ್ಟಿಗೆಯ ಮುಂದೆ ಕೂತು ಬಟ್ಟೆ ಅಳೆಯುತ್ತಿದ್ದರೆ, ಶಾಲೆಯಿಂದ ಬಂದ ನಾನು ಮೊದಲು ನೋಡುತ್ತಿದ್ದದ್ದು ಆ ಮೂಗನ್ನೇ. ತಿಳಿಗೆಂಪಾಗಿದ್ದರೆ ಹೊಸ ಪೆನ್ಸಿಲ್ಲು ಕೇಳಬಹುದು. ಕಡುಗೆಂಪಾಗಿದ್ದರೆ ಮಾರ್ಕ್ಸ್ ಕಾರ್ಡು ನಾಳೆಗೆ. ಅಕ್ಕನನ್ನು ನೋಡಲು ಬಂದ ಗೋಣಿಬೀಡಿನವರು ಹುಡುಗಿಯನ್ನು ಒಪ್ಪಿ, ಹುಡುಗಿಯ ಅಪ್ಪನ ಮೂಗಿನ ಹತ್ತಿರ ಬಂದು, ಇವರು ಕುಡಿಯುತ್ತಾರೇನೋ ಎಂದು ನಿಂತುಬಿಟ್ಟರು. ಅಪ್ಪ ಸಿಟ್ಟಾಗಲಿಲ್ಲ. ಗಂಡಿನ ಸೋದರಮಾವನನ್ನು ಕರೆದು, “ಮೂರು ದಿನ ನಮ್ಮನೇಲಿರಿ. ನಾನು ಎಲ್ಲಿಗೆ ಹೋದ್ರೂ ಜೊತೇಲಿ ಬನ್ನಿ,” ಎಂದರು. ಆ ಮನುಷ್ಯ ನಿಜಕ್ಕೂ ಹಾಸಿಗೆ ಸುರುಳಿ ಸಮೇತ ಬಂದ. ಅಂಗಡಿಗೆ, ಸಂತೆಗೆ, ದೇವಸ್ಥಾನಕ್ಕೆ ಅಪ್ಪನ ನೆರಳಿನಂತೆ ಓಡಾಡಿದ. ಬಚ್ಚಲಿನ ಹೊರಗೂ ನಿಂತು ಕಾದ. ಮೂರನೆಯ ದಿನ ಸಂಜೆ ಅವನೇ ಬೇಸತ್ತು, ಸ್ವಲ್ಪ ಪೇಟೆ ಸುತ್ತಿ ಬರುತ್ತೇನೆಂದು ಹೋದವನು ಕಣ್ಣು ಕೆಂಪಗೆ ಮಾಡಿಕೊಂಡು, ಏಲಕ್ಕಿ ಅಗಿಯುತ್ತ ವಾಪಸ್ಸು ಬಂದ. ಅಪ್ಪ ಅವನ ಕೈಗೆ ಇನ್ನೆರಡು ಏಲಕ್ಕಿ ಕೊಟ್ಟರು. ಮುಂದಿನ ತಿಂಗಳೇ ಅಕ್ಕನ ಮದುವೆ ಆಯಿತು.

ಅಪ್ಪನ ಮೂಗು ಬಂದಷ್ಟು ಸಲೀಸಾಗಿ ಅವರ ಎದೆಗಾರಿಕೆ ನನಗೆ ಬರಲಿಲ್ಲ. ಈಗ ನನ್ನ ಮಗಳು ಕಳಸದ ಹುಡುಗನೊಬ್ಬನನ್ನು ಮನಸಾರೆ ಮೆಚ್ಚಿದ್ದಳು. ಹುಡುಗನ ತಂದೆ ಒಮ್ಮೆ ಅಂಗಡಿಗೆ ಬಂದು ನನ್ನ ಮೂಗು ನೋಡಿಕೊಂಡು ಹೋದವರು, ನಮ್ಮೂರಲ್ಲಿ ಯಾರನ್ನೋ ಕಂಡು, “ಸಾಹುಕಾರರು ಸಂಜೆ ಹೊತ್ತು ಹೇಗೆ?” ಎಂದು ವಿಚಾರಿಸಿದರಂತೆ. ಸುದ್ದಿ ಕೇಳಿದ ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಹೆಂಡತಿ ನನ್ನನ್ನು ಚಿಕ್ಕಮಗಳೂರಿನ ಚರ್ಮದ ಡಾಕ್ಟರ ಹತ್ತಿರ ಹೊರಡಿಸಿ, ತಾನೂ ಜೊತೆಗೆ ಬಂದಳು.

ಡಾಕ್ಟರು ನನ್ನ ಮಗಳ ವಯಸ್ಸಿನವರು. ಮೂಗನ್ನು ಭೂತಗನ್ನಡಿಯಲ್ಲಿ ನೋಡಿ, ದಿನಕ್ಕೆ ಎಷ್ಟು ತೊಗೊಳ್ತೀರಿ ಎಂದು ಮೆತ್ತಗೆ ಕೇಳಿದರು. ನಾನು ಕಾಫಿಯೆಂದು ತಿಳಿದು ಆರು ಎಂದೆ. ಅವರ ಪೆನ್ನು ನಿಂತೇಹೋಯಿತು. ಹೆಂಡತಿ ಮಧ್ಯೆ ಬಾಯಿ ಹಾಕಿ ಬಿಡಿಸಿ ಹೇಳಿದ ಮೇಲೆ, ಇದು ವಂಶದಿಂದಲೂ ಬರುತ್ತದೆ, ಚಳಿ ಬಿಸಿಲಿಗೂ ಹೆಚ್ಚುತ್ತದೆ ಎಂದು ಸಮಾಧಾನ ಹೇಳಿದರು. ಆಮೇಲೆ ಕಣ್ಣು ಮುಚ್ಚಿಸಿ, ತಣ್ಣನೆ ಜೆಲ್ ಬಳಿದು ಲೇಸರ್ ಹಾಯಿಸಿದರು. ರಬ್ಬರ್ ಬ್ಯಾಂಡಿನಿಂದ ಯಾರೋ ಹೊಡೆದ ಹಾಗೆ ಚಟ್ ಚಟ್ ಎಂದಿತು. ಬರುವಾಗ ಬಸ್ಸಿನಲ್ಲಿ ಹೆಂಡತಿಗೆ ಮುಂದೆ ಸೀಟು ಸಿಕ್ಕಿತು; ಹಿಂದೆ ಊದಿದ ಕೆಂಪು ಮೂಗಿಗೆ ಕರವಸ್ತ್ರ ಹಿಡಿದು ಕೂತಿದ್ದ ನನ್ನನ್ನು ನೋಡಿ, ಪಕ್ಕದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ತಿಂಗಳಿಗೊಂದರಂತೆ ಮೂರು ಸಲ ಹೋದದ್ದಾಯಿತು. ಗೆರೆಗಳು ಮಾಸಿದವು. ಹೆಂಡತಿ ಹತ್ತು ವರ್ಷ ಸಣ್ಣವರಾದಿರಿ ಎಂದಳು. ಆದರೆ ಒಂದು ಬೆಳಿಗ್ಗೆ ಕ್ಷೌರಕ್ಕೆ ಕನ್ನಡಿಯ ಮುಂದೆ ನಿಂತವನಿಗೆ ಏನೋ ಕಳೆದುಹೋದಂತಾಯಿತು. ಅಪ್ಪ ತೀರಿಹೋಗಿ ಎಷ್ಟೋ ವರ್ಷವಾದರೂ ದಿನಾ ಬೆಳಿಗ್ಗೆ ಆ ಕನ್ನಡಿಯಲ್ಲಿ ಒಂದು ಗಳಿಗೆ ಸಿಗುತ್ತಿದ್ದರು. ಅವತ್ತು ಸಿಗಲಿಲ್ಲ. ಕೆನ್ನೆಯ ಮೇಲಿನ ಸೋಪು ಒಣಗುವವರೆಗೂ ಹುಡುಕಿದೆ. ನನ್ನದೊಂದೇ ಮುಖ ಇತ್ತು.

ಕಳಸದವರು ಮಾತುಕತೆಗೆ ಬಂದರು. ಊಟವಾದ ಮೇಲೆ ಹುಡುಗನ ತಂದೆ ನನ್ನನ್ನು ಜಗಲಿಗೆ ಕರೆದು ನನ್ನ ಮುಖವನ್ನೇ ನೋಡುತ್ತ ನಿಂತರು. ಅವರ ಕಣ್ಣು ಒದ್ದೆಯಾಗಿತ್ತು. ಎರಡೂ ಕೈ ಹಿಡಿದುಕೊಂಡು, “ಮಗಳಿಗೋಸ್ಕರ ಬಿಟ್ರಲ್ಲ, ಈ ವಯಸ್ಸಲ್ಲಿ ಯಾರಿಂದಾಗುತ್ತೆ ಮಾರಾಯ್ರೆ. ಇಂಥ ಬೀಗರು ಸಿಗೋಕೆ ಪುಣ್ಯ ಮಾಡಿರ್ಬೇಕು,” ಎಂದರು.

ನಿಜ ಹೇಳಲು ಬಾಯಿ ತೆರೆದೆ. ಒಳಗೆ ಮಗಳು ನಗುತ್ತಿರುವುದು ಕೇಳಿಸಿತು. ಅದೂ ಅಲ್ಲದೆ, ಹುಟ್ಟಿದಾಗಿನಿಂದ ಕುಡಿಯದೇ ಇದ್ದುದಕ್ಕೆ ಯಾರೂ ನನ್ನನ್ನು ಇಷ್ಟು ಮೆಚ್ಚಿರಲಿಲ್ಲ. ತಲೆ ತಗ್ಗಿಸಿ, “ಮೊದಲ ಹದಿನೈದು ದಿನ ಸ್ವಲ್ಪ ಕಷ್ಟ ಆಯ್ತು,” ಎಂದೆ.