ಬದನೆಕಾಯಿಯ ಕೈಗುಣ

ನಮ್ಮ ಮಾವನವರು ಇದುವರೆಗೆ ನನ್ನ ಅಡುಗೆಯನ್ನು ಉಂಡೇ ಇಲ್ಲ! ಹಾಗಂತ ಉಪವಾಸವಿದ್ದಾರೆ ಎಂದುಕೊಳ್ಳಬೇಡಿ. ಎರಡು ಹೊತ್ತೂ ಕೇಳಿ ಕೇಳಿ ಬಡಿಸಿಕೊಂಡು, ಬೆರಳು ಚೀಪಿ, "ಬದ್ನಿಕಾಯಿ ಬೆಳದಾಕಿ ಕೈ ಭಾಳ ಚಲೋ ಐತಿ" ಎನ್ನುತ್ತಾರೆ. ಎಣ್ಣೆಗಾಯಿಗೆ ಶೇಂಗಾ ಹುರಿದವಳು, ಗುರೆಳ್ಳು ಕುಟ್ಟಿದವಳು ಯಾರು? ಅದನ್ನು ಕೇಳಬಾರದು. ಉಪ್ಪು ಹೆಚ್ಚಾದ ದಿನ ಮಾತ್ರ ಕೈ ನನ್ನದೇ!

ಲಿಂಗಸುಗೂರಿನಲ್ಲಿ ನಮ್ಮ ಮನೆಯ ಎದುರಿಗೇ ತರಕಾರಿ ಅಂಗಡಿಯಿದೆ. ಮಾವನವರು ಮಾತ್ರ ಬಸ್ಸು ಹತ್ತಿ ಮಸ್ಕಿ ಸಂತೆಗೇ ಹೋಗಬೇಕು. ಬೆಳೆದವರ ಹತ್ತಿರವೇ ಕೊಂಡರೆ ತಾಜಾ ಸಿಗುತ್ತದೆ, ದಲಾಲಿಯ ಪಾಲು ಬೆಳೆದವರಿಗೇ ಉಳಿಯುತ್ತದೆ ಎಂಬುದು ಅವರ ನಿತ್ಯ ಪಾರಾಯಣ. ಸರಿ, ಒಪ್ಪಿದೆ. ಆದರೆ ಮಾರಲು ಕುಳಿತವರೇ ಬೆಳೆದವರು ಎಂದು ತಿಳಿಯುವುದು ಹೇಗೆ? "ಕೈ ತೋರ್ಸು" ಎನ್ನುತ್ತಾರೆ! ಉಗುರಿನ ಸಂದಿಯಲ್ಲಿ ಮಣ್ಣಿದ್ದರೆ ವ್ಯಾಪಾರ, ಇಲ್ಲದಿದ್ದರೆ ಮುಂದಿನ ಬುಟ್ಟಿ. ಒಮ್ಮೆ ಸೊಪ್ಪಿನವಳೊಬ್ಬಳು ಭಕ್ತಿಯಿಂದ ಅಂಗೈ ಚಾಚಿ, "ನನ್ನ ಮಗನ ಲಗ್ನ ಯಾವಾಗ ಆಗ್ತೈತಿ ನೋಡ್ರೀ ಯಪ್ಪಾ" ಅಂದಳಂತೆ. ಇವರು, "ಮೊದ್ಲ ಪುಂಡಿಪಲ್ಲೆಗೆ ನೀರು ಚಿಮುಕ್ಸು, ಬಾಡಾಕತ್ತೈತಿ" ಅಂದರಂತೆ. ಚೀಲ ಹಿಡಿದು ಹಿಂದೆ ನಿಂತಿದ್ದ ನನ್ನ ಗಂಡ ಅಂದಿನಿಂದ ಸಂತೆಯ ಕಡೆ ಮುಖ ಹಾಕಿಲ್ಲ.

ಒಂದು ದಿನ ರೋಸಿಹೋಗಿ ಎದುರಿನ ಅಂಗಡಿಯ ಬದನೆಕಾಯಿಯನ್ನೇ ತಂದು ಮಾಡಿದೆ. ತುತ್ತು ಅವರ ಕೈಯಲ್ಲೇ ನಿಂತಿತು.

"ಇದನ್ನ ಬೆಳದಾರು ಯಾರು?"

"ಅಂಗಡ್ಯಾಗ ತಂದೀನ್ರಿ."

"ಅಂಗಡ್ಯಾಗ ಬದ್ನಿಕಾಯಿ ಬೆಳೀತಾವೇನು?"

ತಟ್ಟೆ ಸರಿಸಿ, ಮಜ್ಜಿಗೆ ಕುಡಿದು ಎದ್ದರು. ಮುಂಜಾನೆಯಿಂದ ಒಲೆಯ ಮುಂದೆ ಬೆಂದ ನನಗೆ ಹೊಟ್ಟೆ ಉರಿದುಹೋಯಿತು. ಒಂದೇ ಒಂದು ಸಲ "ಚಲೋ ಮಾಡೀಯವ್ವ" ಎಂದಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಈ ಮನೆಗೆ ಬಂದ ದಿನದಿಂದ ಆ ಮಾತಿಗೆ ಕಾದಿದ್ದೇನೆ.

ಹೋದ ವಾರ ಮೊಣಕಾಲು ನೋವೆಂದು ಮಂಚ ಹಿಡಿದರು. ಸಂತೆಗೆ ನಾನೇ ಹೋಗಬೇಕಾಯಿತು. ಅವರು ಹೇಳಿ ಕಳಿಸಿದ್ದ, ಬದನೆಕಾಯಿ ಬೆಳೆಯುವ ಪಾಮನಕಲ್ಲೂರಿನ ಅಜ್ಜಿಯ ಬುಟ್ಟಿಯ ಮುಂದೆ ಕುಳಿತು, ನಾನು ಯಾರ ಮನೆಯವಳೆಂದು ಹೇಳಿದೆ. ಅಜ್ಜಿ ಸಿಡಿದಳು.

"ಕೈ ನೋಡೋ ಯಪ್ಪನ ಸೊಸಿ ಏನು? ಅಲ್ಲಬೇ, ನನ್ನ ಕಾಯಿ ಚಲೋ ಅದಾವಂತ ಒಮ್ಮ್ಯಾರ ಅಂದಾನೇನು ನಿಮ್ಮ ಮಾವ? 'ನಿನ್ನ ಕಾಯ್ಯಾಗ ಏನೈತಿ, ರುಚಿ ಇರೋದು ನನ್ನ ಸೊಸಿ ಕೈಯಾಗ' ಅಂತಾನ! ವಾರಾ ವಾರಾ ಇದ ಮಾತು!"

ನನಗೆ ನಂಬಿಕೆ ಬರಲಿಲ್ಲ. "ಕೊಸರಿಗೆ ಎರಡು ಕಾಯಿ ಜಾಸ್ತಿ ಹಾಕ್ಲಿ ಅಂತ ಅಂದಿರಬೇಕಬೇ" ಅಂದೆ.

"ಕೊಸರು? ಒಂದು ಕಾಯಿ ಹೆಚ್ಚಿಗಿ ಹಾಕಿದ್ರ ಬುಟ್ಟಿಗೆ ತಿರುಗಿ ಇಡ್ತಾನ ಆ ಯಪ್ಪ. ಎಲ್ಲಿ, ನಿನ್ನ ಕೈ ತೋರ್ಸು."

ಅರಿಶಿನ ಹತ್ತಿದ, ಅಲ್ಲಲ್ಲಿ ಸುಟ್ಟ ನನ್ನ ಕೈಯನ್ನು ತನ್ನ ಮಣ್ಣಿನ ಕೈಯಲ್ಲಿ ಹಿಡಿದು ಹೊರಳಿಸಿ ನೋಡಿದಳು. ಬಹಳ ಹೊತ್ತು ಬಿಡಲೇ ಇಲ್ಲ.

ಮಧ್ಯಾಹ್ನ ಮಾವನವರು ಮಂಚದ ಮೇಲೆಯೇ ಕುಳಿತು ಉಂಡರು. ಬೆರಳು ಚೀಪಿದರು. "ಬೆಳದಾಕಿ ಕೈ ಭಾಳ ಚಲೋ ಐತಿ."

"ಹೌದ್ರಿ ಮಾವಾರ, ನೋಡಿ ಬಂದೀನಿ" ಎಂದು ಇನ್ನೊಂದು ಎಣ್ಣೆಗಾಯಿ ಬಡಿಸಿ ಗಡಬಡಿಸಿ ಒಳಗೆ ಹೋದೆ. ಕಣ್ಣೀರು ತಟ್ಟೆಗೆ ಬಿದ್ದಿದ್ದರೆ ಉಪ್ಪು ಹೆಚ್ಚಾಯಿತೆಂದು ಬೈಯುತ್ತಿದ್ದರು!