ಅರವತ್ನಾಲ್ಕು ಯಂತ್ರ, ಎರಡು ಬುಟ್ಟಿ ಮಂಡಕ್ಕಿ

ಹರಿತಾ: ಮಾಮ, ಕಣ್ಣು ಮುಚ್ಚಿಕೊಂಡು ಮಲಗಿದ್ರ ಮಷೀನ್ ಆಗಂಗಿಲ್ಲ. ಎದ್ದು ಈ ಹಾಳಿ ನೋಡು.

ಜಂಬುನಾಥ: ಮಲಗಿಲ್ಲವ್ವ, ಹೊಳೀಲಿ ಅಂತ ಕಾಯಾಕತ್ತೀನಿ. ನೀ ಮಾತಾಡಿದ್ರ ಬರೋದೂ ಹಿಂದಕ್ಕ ಹೋಗತೈತಿ.

ಆಲೂರಿನ ತನ್ನ ವೆಲ್ಡಿಂಗ್ ಅಂಗಡಿಯಲ್ಲಿ, ಮುಖಕ್ಕೆ ಟವೆಲ್ ಹಾಕಿಕೊಂಡು ಜಂಬುನಾಥ ಕಾಯುತ್ತಿದ್ದುದು ಇದು ಎಂಟನೆಯ ದಿನ. ಪಕ್ಕದಲ್ಲೇ ಹೆಂಡತಿ ಈಶ್ವರಿಯ ಉಗ್ಗಾಣಿ, ಅಂದರೆ ಒಗ್ಗರಣೆ ಮಂಡಕ್ಕಿಯ, ಹೋಟೆಲು. ನೆನೆಸಿದ ಮಂಡಕ್ಕಿಯನ್ನು ಹಿಂಡಿ ಹಿಂಡಿ ಆಕೆಯ ಬಲಗೈ ಮಣಿಕಟ್ಟು ಊದಿಕೊಂಡಿತ್ತು. ಡಾಕ್ಟರು ಹಿಂಡಲೇಬಾರದು ಎಂದಿದ್ದರು. ಎಡಗೈಯೂ ಈಗ ನೋಯತೊಡಗಿತ್ತು. ಅದೂ ಕೈಕೊಟ್ಟರೆ ಹೋಟೆಲು ಮುಚ್ಚಬೇಕು. ಗೇಟು, ಗ್ರಿಲ್ಲು ಎಲ್ಲ ಥಟ್ಟನೆ ಹೊಳೆದೇ ಮಾಡಿದ ಭೂಪ ಇವನು. ಹಿಂಡುವ ಯಂತ್ರ ಮಾಡಿಕೊಡುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದ. ಅವನ ಗ್ರಹಚಾರಕ್ಕೆ, ಇಂಜಿನಿಯರಿಂಗ್ ಓದುವ ಅಕ್ಕನ ಮಗಳು ಹರಿತಾ ರಜೆಗೆ ಬಂದಿದ್ದಳು.

ಅವಳ ಹಾಳೆಯಲ್ಲಿ ಮೂರು ಖಾನೆ: ಮಂಡಕ್ಕಿ ಎಲ್ಲಿ ಹಿಡಿಯುವುದು, ನೀರು ಹೇಗೆ ತೆಗೆಯುವುದು, ಶಕ್ತಿ ಎಲ್ಲಿಂದ. ಒಂದೊಂದಕ್ಕೂ ನಾಲ್ಕು ದಾರಿ.

ಹರಿತಾ: ಒಂದಕ್ಕೊಂದು ಜೋಡಿಸಿ ನೋಡಿದ್ರ ಇದ್ರಾಗ ಅರವತ್ನಾಲ್ಕು ಮಷೀನ್ ಅದಾವು.

ಜಂಬುನಾಥ: ನನಗ ಒಂದು ಸಾಕು.

ಹರಿತಾ: ಅದು ಯಾವುದಂತ ಒಂದೊಂದೇ ಪರೀಕ್ಷೆ ಮಾಡಬೇಕು.

ಜಂಬುನಾಥ: ಅಷ್ಟೊತ್ತಿಗೆ ನಿನ್ನ ಮಕ್ಕಳು ಬಂದು ಉಗ್ಗಾಣಿ ಕೇಳತಾವು.

ಕೊನೆಗೆ ಅವನೇ ಒಂದು ರಾಜಿ ತೆಗೆದ. ಹಾಳೆ ಹರಿದು ಚೀಟಿ ಮಾಡುವುದು, ಮನೆದೇವರು ಉರುಕುಂದ ಈರಣ್ಣನ ಹೆಸರಲ್ಲಿ ಖಾನೆಗೊಂದರಂತೆ ಎತ್ತುವುದು. ಹರಿತಾ ಮೊದಲು ಮುಖ ಗಂಟಿಕ್ಕಿದಳು. ಆಮೇಲೆ, ಹೊಂದದ್ದನ್ನೂ ಸುಮ್ಮನೆ ಜೋಡಿಸಿ ನೋಡಿ ಎಂದು ಕಾಲೇಜಿನ ಸಾರೂ ಹೇಳಿದ್ದು ನೆನಪಾಗಿ ತಾನೇ ಹರಿಯಲು ಕೂತಳು. ಎತ್ತಲು ಈಶ್ವರಿಯನ್ನು ಕರೆದರು. ಆಕೆ ಕೈಗೆ ಪಟ್ಟಿ ಸುತ್ತಿಕೊಂಡೇ ಬಂದು ಮೂರು ಚೀಟಿ ಎತ್ತಿದಳು.

ಹರಿತಾ: ಹಿಡಿಯೋದು, ಅಂಗೈ. ನೀರು ತೆಗಿಯೋದು, ಹಿಂಡಿ. ಶಕ್ತಿ, ಮನುಷ್ಯ.

ಜಂಬುನಾಥ: ಇದು ಈಗ ಮಾಡಾಕತ್ತಿದ್ದೇ ಅಲ್ಲೇನು? ಇದನ್ನ್ಯಾಕ ಬರದಿ?

ಹರಿತಾ: ಈಗಿರೋ ಪದ್ಧತೀನೂ ಬರೀಬೇಕು ಮಾಮ. ನಿಯಮ ಐತಿ.

ಜಂಬುನಾಥ: ಈಶ್ವರಿ, ಇನ್ನೊಮ್ಮೆ ಎತ್ತು.

ಈಶ್ವರಿ: ಈರಣ್ಣನ ಹೆಸರ್ಲೆ ಎತ್ತೀನಿ, ಎರಡನೇ ಸಲ ಕೇಳಬಾರದು. ಹರಿತಾ, ಅಂಗೈ ಅಂತ ಬರದೀಯಲ್ಲ, ಯಾರ ಅಂಗೈ?

ಹರಿತಾ: ಅದಕ್ಕ ಖಾನೆ ಹಾಕಿಲ್ಲ ಅತ್ತಿ.

ಈಶ್ವರಿ: ಹಂಗಾದ್ರ ಏಳ್ರಿ. ನಿಮಗೂ ಎರಡು ಅದಾವು.

ದೇವರ ಚೀಟಿಗೆ ಎದುರಾಡುವಂತಿಲ್ಲ. ಜಂಬುನಾಥ ಬುಟ್ಟಿಯ ಮುಂದೆ ಕೂತ. ಮೊದಲನೇ ಬುಟ್ಟಿಯನ್ನು ಸಿಳ್ಳೆ ಹಾಕುತ್ತ ಹಿಂಡಿ ಮುಗಿಸಿದ. ಎರಡನೆಯದು ಅರ್ಧಕ್ಕೆ ಬರುವಷ್ಟರಲ್ಲಿ ಸಿಳ್ಳೆ ನಿಂತು, ಮಣಿಕಟ್ಟು ಸಿಡಿಯತೊಡಗಿತು. ಹೆಂಡತಿ ಇದನ್ನು ಹನ್ನೆರಡು ವರ್ಷದಿಂದ ದಿನಾ ಮಾಡಿದ್ದಾಳಲ್ಲ ಎಂದು ಅವನಿಗೆ ನಿಜವಾಗಿ ನಾಚಿಕೆಯಾಯಿತು. ಒದ್ದೆ ಕೈಯನ್ನು ನೋವಿಗೆ ಜೋರಾಗಿ ಝಾಡಿಸಿದ. ನೀರೆಲ್ಲ ಹೋಗಿ ಹರಿತಾಳ ಕನ್ನಡಕಕ್ಕೆ ಬಿತ್ತು. ಅವನು ಹಾಗೇ ಎದ್ದು ನಿಂತ.

ಜಂಬುನಾಥ: ಹಳೇ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರಕ್ಕ ಬಲೆ ಚೀಲ ಕಟ್ಟಿ ಪೆಡಲ್ ತುಳಿದ್ರ, ನೀರು ತಾನೇ ಹಾರಿ ಹೋಗತೈತಿ.

ಹರಿತಾ ಕನ್ನಡಕ ಒರೆಸಿಕೊಂಡು, ಚೂರು ಹಾಳೆಗಳನ್ನೆಲ್ಲ ನೆಲದ ಮೇಲೆ ಜೋಡಿಸಿದಳು.

ಹರಿತಾ: ಬಲೆ, ಗರಗರ ತಿರುಗಿಸೋದು, ಪೆಡಲ್. ಮೂವತ್ತೊಂಬತ್ತನೇ ಮಷೀನ್. ನಾ ಎಂಟು ದಿನದ ಹಿಂದೇ ಬರದೀನಿ ಮಾಮ.

ಜಂಬುನಾಥ: ಹಾಳ್ಯಾಗ ಸತ್ತಂಗ ಬಿದ್ದಿತ್ತು. ಜೀವ ಬಂದಿದ್ದು ನನ್ನ ತಲ್ಯಾಗ.

ಸಂಜೆಯೊಳಗೆ ಯಂತ್ರ ತಯಾರಾಯಿತು. ತುಳಿದದ್ದು ಜಂಬುನಾಥ, ಮೂವರೂ ನೆನೆದು ತೊಪ್ಪೆಯಾದರು, ಮಂಡಕ್ಕಿ ಮಾತ್ರ ಉದುರುದುರಾಗಿ ಬಂತು. ಈಶ್ವರಿ ಅದನ್ನು ಬೊಗಸೆಯಲ್ಲಿ ಹಿಡಿದು ಬಹಳ ದಿನಗಳ ಮೇಲೆ ಮನಸಾರೆ ನಕ್ಕಳು. ಮಾವ, ಸೊಸೆ ಮಾತ್ರ ಹೊಳೆದದ್ದು ತಲೆಯಲ್ಲೋ ಹಾಳೆಯಲ್ಲೋ ಎಂದು ಇನ್ನೂ ಕಿತ್ತಾಡುತ್ತಿದ್ದರು. ಆಕೆ ಮೂಲೆಯಲ್ಲಿದ್ದ ಮಸಿ ಹಿಡಿದ ಬಾಣಲೆಯನ್ನು ತಂದು ಗಂಡನ ಮುಂದಿಟ್ಟಳು.

ಈಶ್ವರಿ: ಎಲ್ಲಿ ಹೊಳೀತು ಅನ್ನೋದು ನೀವು ನೋಡಿಕೊಳ್ರಿ. ಹೆಂಗ ಹೊಳಿಸಬೇಕು ಅನ್ನೋದು ನನಗ ಗೊತ್ತಾತು. ನಾಳಿಂದ ಬಾಣಲಿ ತಿಕ್ಕೋದು ನಿಮ್ಮದು. ಅದಕ್ಕೂ ಒಂದು ಮಷೀನ್ ಬೇಕಾಗೈತಿ.