ಉಪ್ಪಿಟ್ಟು ಮುಟ್ಟದ ಕಾಗೆ

ಮಕ್ಕಳಿರುವ ಕಡೆ ನಗುವುದಕ್ಕೆ ಕಾರಣ ಹುಡುಕಿಕೊಂಡು ಹೋಗಬೇಕಿಲ್ಲ. ಅದು ತಾನಾಗಿಯೇ ಚಪ್ಪಲಿ ಬಿಚ್ಚಿ ಒಳಗೆ ಬರುತ್ತದೆ. ಅಳುವುದಕ್ಕೂ ಅಷ್ಟೇ. ಕೋಥರೂಡದ ಒಂದು ಸೊಸೈಟಿಯಲ್ಲಿ, ನೆಲಮಹಡಿಯ ನನ್ನ ಫ್ಲ್ಯಾಟಿನಲ್ಲಿ, ನಾನು ಪಾಳಣಾಘರ ನಡೆಸುತ್ತೇನೆ. ಮರಾಠಿಯ ಆ ಹೆಸರಿಗೆ ತೊಟ್ಟಿಲಮನೆ ಎಂದರ್ಥ, ತೊಟ್ಟಿಲು ಒಂದೂ ಇಲ್ಲ. ಶಾಲೆ ಬಿಟ್ಟ ಮಕ್ಕಳು ಅಪ್ಪ ಅಮ್ಮ ಆಫೀಸಿನಿಂದ ಬರುವ ತನಕ ಇಲ್ಲಿರುತ್ತಾರೆ, ಅಷ್ಟೆ. ಧಾರವಾಡದಿಂದ ಮದುವೆಯಾಗಿ ಬಂದವಳು ನಾನು. ಗಂಡ ತೀರಿಕೊಂಡ ಮೇಲೆ ಇದನ್ನು ಶುರು ಮಾಡಿದೆ. ಮಕ್ಕಳಿಗೆಲ್ಲ ನಾನು ಕಾಕು, ಅಂದರೆ ಚಿಕ್ಕಮ್ಮ. ಒಳ್ಳೆಯ ಪಾಳಣಾಘರ ಹೇಗಿರಬೇಕು ಎಂದು ನನಗೆ ಪಾಠ ಹೇಳದ ತಾಯಿತಂದೆ ಇಲ್ಲ. ಕೇಳಿ ಕೇಳಿ ನಾನೂ ಜಾಣಳಾಗಿದ್ದೇನೆ. ಹೂಂ ಎನ್ನುತ್ತೇನೆ, ನನಗೆ ತಿಳಿದಂತೆ ಮಾಡುತ್ತೇನೆ.

ಪಪ್ಪನ ಕ್ಯಾಮೆರಾ

ಬೆಂಗಳೂರು ಕಡೆಯ ಒಬ್ಬ ಐಟಿ ತಂದೆ ಮಗನನ್ನು ಸೇರಿಸಲು ಬಂದರು. ಆಟದ ಸಾಮಾನು ನೋಡಲಿಲ್ಲ, ಬಚ್ಚಲು ನೋಡಲಿಲ್ಲ, ಗೋಡೆ ನೋಡಿದರು. "ಮೇಡಂ, ಇಲ್ಲೊಂದು ಕ್ಯಾಮೆರಾ ಹಾಕೋಣ. ಆಫೀಸಿಂದಾನೇ ಇವನನ್ನ ನೋಡ್ತಾ ಇರ್ತೀನಿ" ಎಂದರು. ತಾವೇ ತಂದು ಹಾಕಿಸಿದರು.

ಹುಡುಗನಿಗೆ ಹಿಗ್ಗೋ ಹಿಗ್ಗು. ಚಿತ್ರ ಬರೆದರೆ ಕ್ಯಾಮೆರಾಕ್ಕೆ ಹಿಡಿಯುತ್ತಿದ್ದ, ಹಲ್ಲು ಬಿದ್ದರೆ ಬಾಯಿ ತೆರೆದು ತೋರಿಸುತ್ತಿದ್ದ. ಸಂಜೆ ತಂದೆ ಬಂದ ಕೂಡಲೇ ಕೇಳುತ್ತಿದ್ದ, "ಪಪ್ಪಾ, ನನ್ನ ಆನೆ ನೋಡಿದ್ರಾ?"

"ಯಾವ ಆನೆ?" ಮೀಟಿಂಗ್ ಇತ್ತಂತೆ. ಮರುದಿನವೂ ಮೀಟಿಂಗ್. ಆನೆ, ಒಂಟೆ, ಬಿದ್ದ ಹಲ್ಲು, ಎಲ್ಲವೂ ಮೀಟಿಂಗಿನ ಪಾಲಾದವು.

ಒಂದು ದಿನ ಹುಡುಗ ಸ್ಟೂಲು ಹತ್ತಿ ಕ್ಯಾಮೆರಾಕ್ಕೆ ತನ್ನ ಕಾಲುಚೀಲ ತೊಡಿಸಿಬಿಟ್ಟ. ತಕ್ಷಣ ನನ್ನ ಫೋನು ಹೊಡೆದುಕೊಂಡಿತು. "ಮೇಡಂ, ಏನಾಯ್ತು? ಏನೂ ಕಾಣ್ತಿಲ್ಲ, ನನ್ನ ಮೊಬೈಲು ಬಡ್ಕೊಳ್ತಿದೆ!"

ಚೀಲ ತೆಗೆಯಲು ಹೋದ ನನ್ನ ಕೈಯನ್ನು ಹುಡುಗ ಹಿಡಿದುಕೊಂಡ. "ತೆಗೀಬೇಡಿ ಕಾಕು. ಕಾಣದೇ ಇದ್ರೆ ಮಾತ್ರ ಪಪ್ಪ ನೋಡ್ತಾರೆ."

ಕಾಗೆಯ ಹಟ

ನಮ್ಮಲ್ಲಿ ಎರಡನೆಯ ತರಗತಿಯ ಒಬ್ಬ ಹುಡುಗಿ ಇದ್ದಾಳೆ. ಈ ಮಳೆಗಾಲದಲ್ಲಿ ಆಸ್ಪತ್ರೆಗೆ ಹೋದ ಅವಳ ತಾಯಿ ಮರಳಿ ಬರಲಿಲ್ಲ. ತಂದೆ ಬೆಳಗಾವಿ ಕಡೆಯವರು, ಕಚೇರಿಯೊಂದರಲ್ಲಿ ಗುಮಾಸ್ತರು. ಹತ್ತನೆಯ ದಿನ ಪಿಂಡ ಇಟ್ಟು ಕಾಗೆ ಮುಟ್ಟಲಿ ಎಂದು ಕಾಯುತ್ತಾರಲ್ಲ, ಅಂದಿನ ಫಜೀತಿಯನ್ನು ಅವರೇ ನನಗೆ ಹೇಳಿದರು. ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದು ಅರ್ಥ. ನಡೆಸಿಕೊಡುತ್ತೇವೆ ಎಂದು ಇದ್ದವರು ಮಾತು ಕೊಡಬೇಕು.

"ಇನ್ನೊಂದು ಮದುವಿ ಆಗೂದಿಲ್ಲ ಅಂದೆರಿ, ಕಾಗಿ ಬರಲಿಲ್ಲ. ಮಗಳನ್ನ ಛಲೋ ಓದಸ್ತೀನಿ ಅಂದೆ, ಬರಲಿಲ್ಲ. ನನ್ನ ತಂಗಿ, ಅತ್ತಿಗಿ ಕಡೆಯಿಂದ ಉಟಗೊಳ್ಳಾಕ ಒಯ್ದ ರೇಷ್ಮಿ ಸೀರಿ ಹೊಳ್ಳಿ ಕೊಡ್ತೀನಿ ಅಂದಳು. ಆದ್ರೂ ಬರಲಿಲ್ಲ. ಭಟ್ಟರು ಗಡಿಯಾರ ನೋಡಾಕತ್ತಿದ್ರು."

ಕೊನೆಗೆ ಹೆಂಡತಿಯ ತಾಯಿ ಮುಂದೆ ಬಂದರಂತೆ. ನಮ್ಮ ಕಡೆಯವರೇ, ಮದುವೆಯಾಗಿ ಇಂದಾಪುರ ಸೇರಿದವರು. "ನಿನ್ನ ಮಗಳನ್ನ ನಾ ಕರಕೊಂಡು ಹೋಗಿ ಸಾಕತೀನವ್ವಾ" ಎಂದರು. ಕಾಗೆ ಇಳಿದು ಬಂದು ಮುಟ್ಟಿತು. ಅಲ್ಲಿಗೆ ತೀರ್ಮಾನವಾಯಿತು: ದೀಪಾವಳಿಯ ರಜೆ ಬಂದ ಕೂಡಲೇ ಹುಡುಗಿ ಇಂದಾಪುರಕ್ಕೆ. ತಂದೆಗಾದರೆ ಇರುವುದು ಅದೊಂದೇ ಜೀವ.

ನನಗೆ ಸಿಟ್ಟು ಬಂತು. "ಒಲ್ಲೆ ಅನ್ರಿ. ಈ ಕಾಲದಾಗ ಕಾಗಿನ್ನ ಯಾರು ನಂಬತಾರ?"

"ನಾನೂ ನಂಬೂದಿಲ್ರಿ" ಎಂದು ಅವರು ಕಣ್ಣು ಒರೆಸಿಕೊಂಡರು. "ಆದ್ರ ಬಂತಲ್ರಿ!"

ಮಾತಾಡುವ ಫೋಟೊ

ಮಕ್ಕಳು ಮನೆ ಆಟ ಆಡುವಾಗ ಅಮ್ಮನಾಗಲು ಯಾರೂ ಒಪ್ಪುವುದಿಲ್ಲ. ಅಮ್ಮ ಆಟದ ಶುರುವಿಗೇ ಆಫೀಸಿಗೆ ಹೋಗಬೇಕು, ಆಟ ಮುಗಿಯುವ ಹೊತ್ತಿಗೆ ಬರಬೇಕು. ಅದರಲ್ಲಿ ಏನು ಮಜಾ? ಒಂದು ದಿನ ನಮ್ಮ ಈ ಹುಡುಗಿ, "ನಾ ಆಗ್ತೀನಿ. ನಾ ಫೋಟೊದಾಗಿನ ಅಮ್ಮ" ಎಂದು ಕಾಗದದ ಹೂವಿನ ಹಾರ ಹಾಕಿಕೊಂಡು ಗೋಡೆಗೆ ಒರಗಿ ಕುಳಿತಳು.

ಆಟ ನಿಲ್ಲಿಸಲೋ ಬೇಡವೋ ಎಂದು ತಿಳಿಯದೆ ನಾನು ಅಡಿಗೆಮನೆಯ ಬಾಗಿಲಲ್ಲೇ ನಿಂತೆ. ಉಳಿದವರು ಬಂದು ಕೈ ಮುಗಿದರು. ಒಬ್ಬ ಬಿಸ್ಕಿಟಿಗೆ ಕೈ ಹಾಕಿದ್ದೇ ತಡ, ಫೋಟೊ ಗದರಿತು, "ಏ, ಕೈ ತೊಳಕೊಂಡು ಬಾ!"

"ಕಾಕು, ಫೋಟೊ ಮಾತಾಡಾಕತ್ತದ! ಹಂಗ ಮಾತಾಡಬಾರದು!" ಎಂದು ಎಲ್ಲರೂ ದೂರು ತಂದರು.

"ನಮ್ಮ ಮನೀದು ಮಾತಾಡತದ" ಎಂದಳು ಹುಡುಗಿ, ಅಲುಗದೆ. ಆಮೇಲೆ ಒಂದು ಕಣ್ಣು ಮಾತ್ರ ಬಿಸ್ಕಿಟಿನ ಕಡೆ ತಿರುಗಿಸಿ ಹೇಳಿದಳು: "ಮತ್ತ ಫೋಟೊಕ್ಕ ಮೊದಲು ಎಡಿ ಹಿಡೀತಾರ. ಕ್ರೀಮ್ ಇದ್ದದ್ದು ಇಡ್ರಿ."

ಬುಧವಾರ

ಸಂಜೆಯ ತಿಂಡಿಯ ಹೊತ್ತಿಗೆ ನಮ್ಮ ಕಿಟಕಿಯ ಸರಳಿನ ಮೇಲೆ ಒಂದು ಕಾಗೆ ಬಂದು ಕೂರುತ್ತದೆ. ಚಪಾತಿ, ಬಿಸ್ಕಿಟು, ಶೇಂಗಾ, ಕೊಟ್ಟದ್ದೆಲ್ಲ ತಿನ್ನುತ್ತದೆ. ಒಮ್ಮೆ ರಬ್ಬರು ಕೂಡ ಒಯ್ದಿತ್ತು. ತಿನ್ನದಿರುವುದು ಒಂದೇ, ಬುಧವಾರದ ನನ್ನ ಉಪ್ಪಿಟ್ಟು. ಮಕ್ಕಳು ಕದ್ದು ಕಿಟಕಿಯಲ್ಲಿಟ್ಟ ಉಪ್ಪಿಟ್ಟು ಹಾಗೇ ಒಣಗಿ ಕೂತಿರುತ್ತದೆ. ಕಾಲುಚೀಲದ ಹುಡುಗ ಒಮ್ಮೆ ನನ್ನನ್ನು ಸಮಾಧಾನ ಮಾಡಲು ಬಂದ. "ಬೇಜಾರಾಗ್ಬೇಡಿ ಕಾಕು. ಕಾಗೆಗೆ ಹುಷಾರಿಲ್ಲ ಅನ್ಸುತ್ತೆ. ಪ್ರತಿ ಬುಧವಾರ."

ಅಜ್ಜಿ ಬಂದರು

ದೀಪಾವಳಿಯ ರಜೆಯ ಮುನ್ನಾದಿನ ಇಂದಾಪುರದ ಅಜ್ಜಿ ಸ್ವಾರಗೇಟದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ನೇರ ನಮ್ಮಲ್ಲಿಗೇ ಬಂದರು. ಹಿಂದೆಯೇ ತಂದೆ, ಮಗಳ ಬಟ್ಟೆಯ ಚೀಲ ಹಿಡಿದುಕೊಂಡು. ಸಂಜೆಯ ಬಸ್ಸಿಗೆ ಮೊಮ್ಮಗಳೊಂದಿಗೆ ಮರಳುವುದೆಂದು ಮಾತಾಗಿತ್ತು.

ಹುಡುಗಿ ಅಳಲಿಲ್ಲ. ತನ್ನ ತಟ್ಟೆ ಎತ್ತಿಕೊಂಡು ಹೋಗಿ ಕಿಟಕಿಯಲ್ಲಿಟ್ಟಳು, ಸರಳಿನ ಮೇಲಿದ್ದ ಕಾಗೆಗೆ ಕೈ ಮುಗಿದಳು. "ಅಮ್ಮಾ, ನಾ ಇಂದಾಪುರಕ್ಕ ಹೋಗೂದಿಲ್ಲ. ಪಪ್ಪಾನ ಕಡೆ ಇರತೀನಿ. ಹೂಂ ಅಂದ್ರ ತಿನ್ನು."

ನಾನು ತಟ್ಟೆಯ ಕಡೆ ನೋಡಿದೆ. ಅಂದು ಬುಧವಾರ.

ಕಾಗೆ ತಟ್ಟೆ ನೋಡಿತು, ನನ್ನನ್ನು ನೋಡಿತು, ಮುಖ ತಿರುಗಿಸಿತು.

"ಜಡಿ ನಾನ ಹಾಕ್ಕೋತೀನಿ." ಕಾಗೆ ಕದಲಲಿಲ್ಲ. "ಪಪ್ಪಾಗ ತ್ರಾಸ ಕೊಡೂದಿಲ್ಲ." ಇಲ್ಲ. "ನಿನ್ನ ನೆನಸಿ ಅಳೂದಿಲ್ಲ ಅಮ್ಮಾ..." ಅಲ್ಲಿಗೆ ಅವಳ ದನಿ ಒಡೆಯಿತು. ತಂದೆ ಗೋಡೆಯ ಕಡೆ ತಿರುಗಿ ನಿಂತರು. ನನಗಂತೂ ಆ ಕಾಗೆಯ ಕತ್ತು ಹಿಸುಕುವಷ್ಟು ಸಿಟ್ಟು, ಅದಕ್ಕಿಂತ ಹೆಚ್ಚು ನನ್ನ ಉಪ್ಪಿಟ್ಟಿನ ಮೇಲೆ.

ಅಜ್ಜಿ ಎದ್ದರು. ಚೀಲದಿಂದ ಒಂದು ಶೇಂಗಾ ಉಂಡಿ ತೆಗೆದು ತಟ್ಟೆಯಲ್ಲಿಟ್ಟರು. "ಆತವ್ವಾ. ನಿನ್ನ ಮಗಳು ಅವರಪ್ಪನ ಕಡೆನ ಇರಲಿ. ನಾ ದೀಪಾವಳಿ ಸೂಟಿಗಷ್ಟ ಕರಕೊಂಡು ಹೋಗ್ತೀನಿ."

ಅವರು ಕೈ ಹಿಂದೆ ತೆಗೆಯುವುದರೊಳಗೆ ಕಾಗೆ ಉಂಡಿ ಕಚ್ಚಿಕೊಂಡು ಹಾರಿಹೋಯಿತು.

ಉಂಡಿ ಕಂಡರೆ ಆ ಕಾಗೆ ಯಾರೂ ಮಾತು ಕೊಡದಿದ್ದರೂ ಬರುತ್ತಿತ್ತು. ಅದು ನನಗೆ ಗೊತ್ತು, ಅಲ್ಲಿದ್ದ ಎಲ್ಲ ಮಕ್ಕಳಿಗೂ ಗೊತ್ತು. ಹೊತ್ತಿಲ್ಲದ ಹೊತ್ತಿನಲ್ಲಿ ಬಾಯಿ ಹಾಕುವ ಆ ಪಿಳ್ಳೆಗಳಲ್ಲಿ ಒಂದಾದರೂ ತುಟಿ ಬಿಚ್ಚಬೇಕಲ್ಲ! ಕಾಲುಚೀಲದ ಹುಡುಗ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದ. ಒಳ್ಳೆಯ ಪಾಳಣಾಘರ ಎಂದರೆ ಏನೆಂದು ಇನ್ನು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಅಳಿಯನಿಗೆ ಹೇಳಿದರು, "ನನ್ನ ಮಗಳು ಮೊದಲಿಂದನೂ ಹಂಗ. ಮುಂಜಾನೆ ಒಂದು ಮಾತು, ಸಂಜಿಗೆ ಒಂದು ಮಾತು." ತಾಯಿ ಸತ್ತ ಮೇಲೆ ಆ ತಂದೆ ಮಗಳು ಸೇರಿ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ರಜೆಗೆಂದು ಮೊಮ್ಮಗಳ ಕೈ ಹಿಡಿದು ಹೊರಟ ಅಜ್ಜಿ, ಬಾಗಿಲಲ್ಲಿ ನಿಂತು ನನ್ನನ್ನು ಬದಿಗೆ ಕರೆದರು. "ಬಾಯಾರ, ಜಾಗಾ ಛಲೋ ಅದ, ಹುಡುಗರೂ ಛಲೋ ಅದಾವ. ಸೂಟಿ ಮುಗಿದ ಕೂಡ್ಲೆ ಇಲ್ಲೇ ಕಳಸ್ತೀನಿ." ಆಮೇಲೆ ದನಿ ತಗ್ಗಿಸಿದರು. "ಆದ್ರ ಉಪ್ಪಿಟ್ಟು ಒಂದು ಮಾಡಬ್ಯಾಡ್ರಿ. ನನ್ನ ಮಗಳು ಸತ್ತು ಕಾಗಿ ಆಗಿ ಬಂದರೂ ಮುಟ್ಟಲಿಲ್ಲ ನೋಡ್ರಿ!"